ಒರಳುಕಲ್ಲು, ಅತ್ತೆ ಮತ್ತು ವಾರಂಟಿ

ಗಾಡಿಯಲ್ಲಿ ಏನೇನು ತುಂಬಿದ್ದಿರಿ ಎಂದು ಕೆವಿನ್ ಕೇಳಿದ.

“ನಾರ್ಮಲ್ ಲೋಡ್,” ಅಂದರು ನಮ್ಮವರು.

ಕಳೆದ ತಿಂಗಳು ಪರ್ತ್‌ನ ವಿಲೆಟನ್‌ನಲ್ಲಿ, ನನ್ನ ಗೆಳತಿ ನಸ್ರೀನ್ ಮನೆಯ ಮುಂದೆ, ಮಟಮಟ ಮಧ್ಯಾಹ್ನ ನಡೆದ ಮಾತು ಇದು. ಕೆವಿನ್ ನಮ್ಮ ಹೊಸ ಸ್ಟೇಷನ್ ವ್ಯಾಗನ್ನಿನ ಕೆಳಗೆ ಅಂಗಾತ ಮಲಗಿದ್ದ. ನಮಗೆ ಕಾಣುತ್ತಿದ್ದದ್ದು ಅವನ ಬೂಟುಗಳು ಮಾತ್ರ. ಅವನು ಕಾರಿನ ಡೀಲರ್ ಕಡೆಯವನು. ವಾರಂಟಿ ಕ್ಲೇಮ್ ಬಂದರೆ ಗಾಡಿ ನೋಡಿ, ವಿಚಾರಿಸಿ, ಕಂಪನಿಗೆ ತಿಳಿಸುವುದು ಅವನ ಕೆಲಸ. ನಮ್ಮ ಗಾಡಿಯ ಹಿಂದಿನ ಎಡಗಡೆ ಸ್ಪ್ರಿಂಗ್ ಮುರಿದಿತ್ತು. ಗಾಡಿ ಒಂದು ಕಡೆಗೆ ವಾಲಿಕೊಂಡು, ಸೊಂಟ ಹಿಡಿದವರ ಹಾಗೆ ನಿಂತಿತ್ತು.

‘ನಾರ್ಮಲ್’ ಎಂಬ ಮಾತು ಕೇಳಿದ ಮೇಲೆ ಆ ಬೂಟುಗಳು ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ನನಗೆ ಆಗಲೇ ಅನುಮಾನ ಬಂತು. ಯಾಕೆಂದರೆ ಆ ಮೌನ ನನಗೆ ಚೆನ್ನಾಗಿ ಗೊತ್ತು. ಕ್ಲಿನಿಕ್ಕಿನಲ್ಲಿ ನಾನೂ ಹೀಗೇ ಸುಮ್ಮನಾಗುತ್ತೇನೆ. “ಮಗು ಎಷ್ಟು ಚಾಕೊಲೇಟ್ ತಿನ್ನುತ್ತೆ?” ಅಂತ ಕೇಳಿದರೆ ತಾಯಂದಿರು “ಅಪರೂಪಕ್ಕೆ” ಅನ್ನುತ್ತಾರೆ. ನಾನು ತಲೆ ಆಡಿಸಿ, ಮನಸ್ಸಿನಲ್ಲೇ ಅದನ್ನು ಗುಣಿಸಿಕೊಳ್ಳುತ್ತೇನೆ.

ಆ ದಿನ ಕೆವಿನ್ ಗಾಡಿ ಕೆಳಗೆ ಮಲಗಿ ನಮ್ಮನ್ನು ಗುಣಿಸಿಕೊಳ್ಳುತ್ತಿದ್ದ.

ನಾನು ಮಕ್ಕಳ ಡಾಕ್ಟರ್ ಎಂದು ಈ ಅಂಕಣ ಓದುವವರಿಗೆ ಗೊತ್ತು. ನಮ್ಮವರು, ಅಂದರೆ ರಘು, ಅನಸ್ತೇಷಿಯಾ ಕೊಡುವವರು. ಬೆಳಗಾದರೆ ಇಬ್ಬರದೂ ತೂಕದ ಮೇಲೆ ನಿಂತ ಕೆಲಸ. ಮಗುವನ್ನು ತಕ್ಕಡಿಯಲ್ಲಿ ಮಲಗಿಸದೆ ನಾನು ಒಂದು ತೊಟ್ಟು ಔಷಧಿ ಬರೆಯುವುದಿಲ್ಲ. ರೋಗಿಯ ತೂಕ ಗೊತ್ತಾಗದೆ ಅವರು ಸಿರಿಂಜ್ ಮುಟ್ಟುವುದಿಲ್ಲ. ಇಂಥ ನಾವಿಬ್ಬರೂ ಅಡಿಲೇಡಿನ ಪ್ರಾಸ್ಪೆಕ್ಟ್‌ನಿಂದ ಪರ್ತ್‌ವರೆಗೆ ಅಷ್ಟುದ್ದದ ಬಯಲು ದಾಟಿಕೊಂಡು ಬಂದೆವಲ್ಲ, ಗಾಡಿಯ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಒಂದು ಸಲವಾದರೂ ಯೋಚಿಸಿದೆವೇ?

ಇಲ್ಲ. ಯಾಕೆ ಯೋಚಿಸಲಿಲ್ಲ ಅಂತ ಈಗಲೂ ಅರ್ಥವಾಗುತ್ತಿಲ್ಲ. ಮೊದಲಿಂದ ಹೇಳಿಬಿಡುತ್ತೇನೆ. ಬರೆಯುತ್ತಾ ಹೋದರೆ ನನಗೂ ಸ್ವಲ್ಪ ತಿಳಿಯಾದೀತು.

ನಮ್ಮ ಹಳೆಯ ಗಾಡಿಯ ಬಗ್ಗೆ ಇದೇ ಜಾಗದಲ್ಲಿ ಎಷ್ಟೋ ಸಲ ಗೋಳು ತೋಡಿಕೊಂಡಿದ್ದೇನೆ. (ಹೊರಗೆ ಮಳೆ ನಿಂತ ಮೇಲೂ ಅದರೊಳಗೆ ನಿಲ್ಲುತ್ತಿರಲಿಲ್ಲ.) ಅದನ್ನು ಕೊನೆಗೂ ಕೊಟ್ಟು, ಹೊಸ ವ್ಯಾಗನ್ ತಂದೆವು. ನಮ್ಮವರ ಜೀವಮಾನದ ಮೊದಲ ಹೊಸ ಗಾಡಿ. ಸೀಟಿನ ಪ್ಲಾಸ್ಟಿಕ್ ಕವರ್ ತೆಗೆಯಲು ಬಹಳ ದಿನ ಬಿಡಲಿಲ್ಲ. ವಾರಂಟಿ ಪುಸ್ತಕವನ್ನು ಪಾಸ್‌ಪೋರ್ಟುಗಳ ಜೊತೆ ಬೀರುವಿನಲ್ಲಿ ಭದ್ರವಾಗಿ ಇಟ್ಟರು. ಓದಿದರೇ ಅಂತ ಕೇಳಬೇಡಿ. ಇಟ್ಟರು.

ಇನ್ನು ನಸ್ರೀನ್. ದಾವಣಗೆರೆಯವಳು. ಅವಳ ಗಂಡ ಇಕ್ಬಾಲ್ ಹೃದಯದ ಡಾಕ್ಟರ್. ಇಬ್ಬರೂ ಮೊನ್ನೆ ಮೊನ್ನೆಯವರೆಗೆ ಪ್ರಾಸ್ಪೆಕ್ಟ್‌ನಲ್ಲಿ ನಮ್ಮ ಪಕ್ಕದ ಬೀದಿಯಲ್ಲಿದ್ದರು. ಇಕ್ಬಾಲ್‌ಗೆ ಪರ್ತ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಬೇಗ ಬಂದು ಸೇರಿ ಎಂದರು ಅಂತ ಇಬ್ಬರೂ ವಿಮಾನ ಹತ್ತಿದರು. ಸೋಫಾ, ಮಂಚ ಎಲ್ಲ ಆಮೇಲೆ ಹೋದವು, ಒಂದು ವಸ್ತು ಮಾತ್ರ ನಮ್ಮ ಗ್ಯಾರೇಜಿನಲ್ಲಿ ಉಳಿಯಿತು.

ಒರಳುಕಲ್ಲು. ಗುಂಡು ಸಮೇತ.

ಅದು ನಸ್ರೀನಳ ಅಮ್ಮ ಕೊಟ್ಟದ್ದು. ಮದುವೆಯಾಗಿ ಈ ದೇಶಕ್ಕೆ ಹೊರಟಾಗ ಹಡಗಿನಲ್ಲಿ ಬಂದದ್ದು. ಸಾಮಾನು ಸಾಗಿಸುವ ಕಂಪನಿಯವರು ಅದನ್ನು ನೋಡಿ, ತೋಟದ ಅಲಂಕಾರದ ಕಲ್ಲು ಎಂದುಕೊಂಡು ಅವರ ಹಳೆಯ ಮನೆಯಲ್ಲೇ ಬಿಟ್ಟಿದ್ದರು, ಆಮೇಲೆ ನಾವು ತಂದಿಟ್ಟುಕೊಂಡೆವು. ಅಲ್ಲಿಂದ ಮುಂದೆ ನಸ್ರೀನ್ ಪ್ರತಿ ಟ್ರಂಕ್ ಕಾಲ್‌ನಲ್ಲೂ ಅದನ್ನು ವಿಚಾರಿಸುತ್ತಿದ್ದಳು, ಊರಲ್ಲಿ ಬಿಟ್ಟು ಬಂದ ಮಗುವನ್ನು ವಿಚಾರಿಸಿಕೊಂಡ ಹಾಗೆ.

“ದೋಸೆ ಅಂದ್ರೆ ರಬ್ಬರ್ ಆಗ್ತಿದೆ ವಿಮಲಾ,” ಅನ್ನುತ್ತಿದ್ದಳು. “ಆ ಬ್ಲೆಂಡರ್‌ನಲ್ಲಿ ರುಬ್ಬಿದ್ದು ಹಿಟ್ಟೇ ಅಲ್ಲ.”

ತಂದುಕೊಡು ಅಂತ ಒಮ್ಮೆಯೂ ಕೇಳಲಿಲ್ಲ. ಕೇಳುವವಳಲ್ಲ. ಕೇಳಿದ್ದರೆ ನಾನು ಖಂಡಿತ ಏನಾದರೂ ನೆಪ ಹೇಳುತ್ತಿದ್ದೆ. ಕೇಳಲಿಲ್ಲವಲ್ಲ, ಅದಕ್ಕೇ ತೆಗೆದುಕೊಂಡು ಹೋಗಲೇಬೇಕು ಅನ್ನಿಸಿತು. ನಮ್ಮ ಮನಸ್ಸು ಹೀಗೆ ಯಾಕೆ ಕೆಲಸ ಮಾಡುತ್ತದೋ!

ಶಾಲೆಗೆ ರಜೆ ಬಂತು. ಅತ್ತೆ ಮೈಸೂರಿನಿಂದ ಬಂದು ನಮ್ಮ ಜೊತೆ ಇದ್ದರು. ಅವರಿಗೂ ದೇಶ ತೋರಿಸಿದ ಹಾಗಾಯಿತು ಎಂದು ಗಾಡಿಯಲ್ಲೇ ಪರ್ತ್‌ಗೆ ಹೋಗುವುದೆಂದು ತೀರ್ಮಾನವಾಯಿತು. ಈಗ ದಾರಿ ಉದ್ದಕ್ಕೂ ಟಾರು ಇದೆ, ಹೊಸ ಗಾಡಿ ಇದೆ, ಇನ್ನೇನು? ನಾವಿಬ್ಬರು, ಅತ್ತೆ, ಮಗಳು ಸ್ಮಿತಾ. ನಾಲ್ಕು ಜನ, ಒಂದು ಕಲ್ಲು. ಅಷ್ಟೇ ಆಗಿದ್ದರೆ ಈ ಅಂಕಣ ಹುಟ್ಟುತ್ತಿರಲಿಲ್ಲ.

ಆದರೆ ಸುದ್ದಿ ಹೊರಬಿತ್ತು.

ಅಡಿಲೇಡಿನಲ್ಲಿ ಕನ್ನಡದ ಮನೆಗಳು ಇರುವುದೇ ಬೆರಳೆಣಿಕೆಯಷ್ಟು, ಹೆಚ್ಚಿನವು ಡಾಕ್ಟರುಗಳದ್ದು. ಒಬ್ಬರ ಮನೆಯಲ್ಲಿ ಸೂಟ್‌ಕೇಸ್ ಅಟ್ಟದಿಂದ ಇಳಿದರೆ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಆಮೇಲೆ ಶುರುವಾಗುವ ಮಾತು ನಿಮಗೂ ಪರಿಚಿತ. ನೀವು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಾಗಲೂ ಕೇಳಿಸಿಕೊಂಡಿರುತ್ತೀರಿ.

“ಹೇಗೂ ಹೋಗ್ತಿದ್ದೀರಲ್ಲ.”

ಮೊದಲು ಬಂದವರು ಫಿಲೋಮಿನಾ ಆಂಟಿ. ಮಂಗಳೂರಿನವರು, ನಮ್ಮ ಆಸ್ಪತ್ರೆಯ ಎಕ್ಸ್-ರೇ ಡಾಕ್ಟರ ಹೆಂಡತಿ. ಅವರ ತಮ್ಮನ ಮಗ ವಿಲ್ಫ್ರೆಡ್ ಪರ್ತ್‌ನಲ್ಲಿ ಸರ್ಜರಿ ಪರೀಕ್ಷೆಗೆ ಓದುತ್ತಿದ್ದಾನೆ. ಅವನಿಗೆ ಸ್ವಲ್ಪ ಪುಸ್ತಕ ಎಂದರು. ಡಾಕ್ಟರುಗಳ ಪುಸ್ತಕ ಎಂದರೆ ಹೇಗಿರುತ್ತದೆ ಗೊತ್ತಲ್ಲ? ಒಂದು ಪುಸ್ತಕ ಕಾಲ ಮೇಲೆ ಬಿದ್ದರೆ ಇನ್ನೊಂದರಲ್ಲಿ ಚಿಕಿತ್ಸೆ ಹುಡುಕಬೇಕು. ಅಂಥವು ರಟ್ಟಿನ ಪೆಟ್ಟಿಗೆಗಳಲ್ಲಿ ಬಂದವು. ಆಮೇಲೆ ಬಂದರು ಒಬ್ಬರು, ಹಳೆಯ ಹಿತ್ತಾಳೆ ಪಾತ್ರೆಗಳ ಜೊತೆ. ಇನ್ನೊಬ್ಬರು ಉಪ್ಪಿನಕಾಯಿಯ ಭರಣಿ ಕೊಟ್ಟು, ಅಲುಗಾಡಿಸಬೇಡಿ ಎಂದರು. ಮತ್ತೊಬ್ಬರು ಕುಂಡದಲ್ಲಿ ಕರಿಬೇವಿನ ಗಿಡ. ಬಂದರಿನ ಹತ್ತಿರದ ಅಂಗಡಿಗೆ ಆಗಷ್ಟೇ ದೋಸೆ ಅಕ್ಕಿ ಬಂದಿತ್ತು. ಕಲ್ಲು ಒಯ್ದ ಮೇಲೆ ಅಕ್ಕಿ ಒಯ್ಯದಿದ್ದರೆ ಹೇಗೆ ಎಂದು ಅತ್ತೆ ಕೇಳಿದರು. ಅದೂ ಬಂತು, ಮೂಟೆಯಲ್ಲಿ.

ಒಬ್ಬರಾದರೂ ಹೆಚ್ಚು ಕೊಟ್ಟರೇ? ಇಲ್ಲ. ಎಲ್ಲರೂ ಸ್ವಲ್ಪವೇ ಕೊಟ್ಟರು.

ತುಂಬುವ ಕೆಲಸ ನಮ್ಮವರದು. ಆಪರೇಷನ್ ಥಿಯೇಟರಿನ ಶಿಸ್ತು. ಕಲ್ಲನ್ನು ಕಂಬಳಿಯಲ್ಲಿ ಸುತ್ತಿ ಬಲಗಡೆ ಕೂರಿಸಿದರು. ಪುಸ್ತಕದ ಪೆಟ್ಟಿಗೆಗಳು ಅದರ ಪಕ್ಕ. ಸಂದಿಗಳಲ್ಲಿ ಪಾತ್ರೆ. ಸೂಟ್‌ಕೇಸುಗಳು ಮೇಲಿನ ರ‍್ಯಾಕಿನ ಮೇಲೆ. ಹಿಂದಿನ ಸೀಟಿನಲ್ಲಿ ಎಡಗಡೆ ಅತ್ತೆ, ಬಲಗಡೆ ಸ್ಮಿತಾ, ನಡುವೆ ಅಕ್ಕಿ ಮೂಟೆ. ಮೂಟೆಗೂ ಸೀಟ್ ಬೆಲ್ಟ್ ಹಾಕಿದರು. (ಈ ದೇಶದಲ್ಲಿ ಬೆಲ್ಟ್ ಕಡ್ಡಾಯ ಅಲ್ಲವೇ?) ಕೊನೆಗೆ ಹಿಂಬಾಗಿಲು ಮುಚ್ಚಲಿಲ್ಲ. ಮೊಣಕಾಲು ಕೊಟ್ಟು ಒತ್ತಿದರು. ಮುಚ್ಚಿತು.

“ನೋಡು, ಎಲ್ಲಾ ಹಿಡೀತು,” ಅಂದರು.

ಈ ಮಾತನ್ನು ಸ್ವಲ್ಪ ಗಮನಿಸಿ. ನಮ್ಮ ಕಡೆ ಗಾಡಿಗೆ ಭಾರ ಹೆಚ್ಚಾಯಿತೋ ಇಲ್ಲವೋ ಎಂದು ಹೇಳುವುದು ಬಾಗಿಲು. ಬಾಗಿಲು ಮುಚ್ಚಿದರೆ ಸರಿಯಾಗಿದೆ ಎಂದರ್ಥ. ಜಾಗ ಇರುವ ತನಕ ತುಂಬಬಹುದು ಎಂಬುದು ನಾವು ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ವಿಚಾರ. ಬಸ್ಸಿನಲ್ಲಿ ಹಾಗೆ, ಬೀರುವಿನಲ್ಲಿ ಹಾಗೆ, ಮದುವೆ ವ್ಯಾನಿನಲ್ಲಿ ಹಾಗೆ. ಜಾಗ ಬೇರೆ, ತೂಕ ಬೇರೆ ಎಂದು ನಮಗೆ ಯಾರು ಹೇಳಿದ್ದರು?

ಹೇಳಿದ್ದಳು, ಸ್ಮಿತಾ. ಗಾಡಿ ಮುಂದೆ ನಿಂತು ನೋಡಿ, “ಮಮ್, ದಿ ಕಾರ್ ಈಸ್ ಲುಕಿಂಗ್ ಅಪ್ ಅಟ್ ದಿ ಸ್ಕೈ,” ಅಂದಳು. ಹೊರಡುವ ಗಡಿಬಿಡಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದಾರಿಯಲ್ಲೂ ಹೇಳಿದರು. ಒಂದು ಬಂಕಿನಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಅಲ್ಲಿನ ಮುದುಕ ಗಾಡಿಯ ಹಿಂಭಾಗ ನೋಡಿ, ಒಳಗೆ ಪಿಯಾನೋ ಇದೆಯೇ ಎಂದು ಕೇಳಿದ. ನಮ್ಮವರು ಮರ್ಯಾದೆಗೆ ನಕ್ಕರು. ಸಂಜೆಯಾಗುತ್ತಿದ್ದಂತೆ ಎದುರಿಗೆ ಬರುವ ಲಾರಿಗಳೆಲ್ಲ ನಮಗೆ ಲೈಟ್ ಮಿಣುಕಿಸತೊಡಗಿದವು. ಈ ಬಯಲಿನ ಜನ ಎಷ್ಟು ಸ್ನೇಹಜೀವಿಗಳು ಎಂದು ಅತ್ತೆಗೆ ಬಹಳ ಖುಷಿಯಾಯಿತು. ನಾವೂ ಮಿಣುಕಿಸಿದೆವು. ಅತ್ತೆ ಕೈ ಬೀಸಿದರು. ಹಿಂದೆ ಭಾರವಾಗಿ ಮುಂದೆ ಮೂಗೆತ್ತಿದ್ದ ನಮ್ಮ ಗಾಡಿಯ ಲೈಟು ನೇರ ಅವರ ಕಣ್ಣಿಗೆ ಹೊಡೆಯುತ್ತಿತ್ತು, ಅದಕ್ಕೆ ಅವರು ಬೈಯುತ್ತಿದ್ದರು ಎಂದು ತಿಳಿದದ್ದು ಪರ್ತ್ ತಲುಪಿದ ಮೇಲೆ, ಇಕ್ಬಾಲ್ ಹೇಳಿದಾಗ.

ರಾಜ್ಯದ ಗಡಿಯಲ್ಲಿ ತಪಾಸಣೆ ಇತ್ತು. ಗಿಡ, ಹಣ್ಣು ಒಳಗೆ ಬಿಡುವುದಿಲ್ಲ. ಅಧಿಕಾರಿ ಕರಿಬೇವಿನ ಕುಂಡ ತೆಗೆದುಕೊಂಡ. ಅಕ್ಕಿ ಮೂಟೆಯನ್ನು ತಿರುಗಿಸಿ ಮುರುಗಿಸಿ ನೋಡಿ ಬಿಟ್ಟ. ಕಲ್ಲನ್ನು ಮುಟ್ಟಿ, ಇದರಲ್ಲಿ ಹುಳ ಇರಲಾರದು ಎಂದ. ಸರ್ಕಾರವೇ ಪಾಸ್ ಮಾಡಿದ ಮೇಲೆ ಇನ್ನೇನು ಎಂದು ನಮ್ಮವರ ಧೈರ್ಯ ಇನ್ನೂ ಹೆಚ್ಚಾಯಿತು.

ಅಷ್ಟು ದೊಡ್ಡ ಬಯಲನ್ನು ಕಿರಿಕ್ ಎನ್ನದೆ ದಾಟಿದ ಗಾಡಿ ಎಲ್ಲಿ ಮುರಿಯಿತು? ನಸ್ರೀನ್ ಮನೆ ಅಂಗಳಕ್ಕೆ ಏರುವ ಪುಟ್ಟ ದಿಬ್ಬದ ಮೇಲೆ. ಅವಳು ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಳು. ನಾನು ಒಳಗಿನಿಂದ ಬೀಸುತ್ತಿದ್ದೆ. ಕಟಾರ್ ಎಂದಿತು. ಅತ್ತೆ ಕುಳಿತಿದ್ದ ಕಡೆ ಗಾಡಿ ಕುಸಿಯಿತು. ಅತ್ತೆ ಮೊದಲು ತಮ್ಮ ಸೊಂಟ ಮುಟ್ಟಿ ನೋಡಿಕೊಂಡರು. ಸದ್ದು ತಮ್ಮದಲ್ಲ ಎಂದು ಖಾತ್ರಿಯಾದ ಮೇಲೆ ಇಳಿದರು.

ನಮ್ಮವರ ಮುಖ ನೋಡಲಾಗಲಿಲ್ಲ. ಬಗ್ಗಿ ನೋಡಿ, ಎದ್ದು, ಮತ್ತೆ ಬಗ್ಗಿ ನೋಡಿದರು. ಹೊಸ ಗಾಡಿ, ಹೊಸ ಗಾಡಿ ಎಂದು ಅದನ್ನೇ ಹೇಳುತ್ತಿದ್ದರು. ನಸ್ರೀನ್ ಮಾತ್ರ ಅದ್ಯಾವುದನ್ನೂ ನೋಡಲಿಲ್ಲ. ಹಿಂಬಾಗಿಲು ತೆರೆದಾಗ ಕಂಬಳಿಯ ಅಂಚಿನಲ್ಲಿ ಕಪ್ಪು ಕಲ್ಲು ಕಂಡಿತು. ಅವಳು ಅದರ ಮೇಲೆ ಕೈಯಿಟ್ಟು ಗೊಳೋ ಎಂದು ಅತ್ತುಬಿಟ್ಟಳು. ಅವಳ ಅಮ್ಮ ತೀರಿಕೊಂಡು ವರ್ಷವಾಗಿರಲಿಲ್ಲ. ಆಗ ಊರಿಗೆ ಹೋಗಲು ಅವಳಿಗೆ ಆಗಿರಲಿಲ್ಲ. ನನಗೆ ಅದೆಲ್ಲ ನೆನಪಾಗಿ ನಾನೂ ಅತ್ತುಬಿಟ್ಟೆ. ಗಾಡಿಗಾಗಿ ಅಳುತ್ತಿದ್ದೇನೆ ಎಂದುಕೊಂಡು ನಮ್ಮವರು ನನ್ನ ಬೆನ್ನು ಸವರಿದರು.

ಮರುದಿನ ಭಾನುವಾರ. ಡೀಲರ್ ಅಂಗಡಿ ಮುಚ್ಚಿತ್ತು. ಇಡೀ ದಿನ ಸಲಹೆ.

ಬ್ರಿಸ್ಬೇನ್‌ನಲ್ಲಿರುವ ನನ್ನ ತಮ್ಮ ಸುರೇಶನಿಗೆ ಫೋನ್ ಮಾಡಿದೆ. ಅವನು ಮೂಳೆ ಡಾಕ್ಟರ್. ಗಾಡಿಗೆ ದೋಣಿ ಕಟ್ಟಿ ಎಳೆದು, ಗಿಯರ್‌ಬಾಕ್ಸ್ ಹಾಳಾಗಿ, ದೋಣಿಯ ವಿಚಾರ ತಾನೇ ಬಾಯಿಬಿಟ್ಟು, ವಾರಂಟಿ ಕಳೆದುಕೊಂಡ ಅನುಭವಸ್ಥ.

“ಅಕ್ಕ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ,” ಅಂದ. “ಕಲ್ಲಿನ ಸುದ್ದಿ ಎತ್ತಲೇಬೇಡಿ.”

ಇಕ್ಬಾಲ್ ಇದಕ್ಕೆ ಒಪ್ಪಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣ, ಈ ಜನ ನೇರ ಮಾತಿಗೆ ಬೆಲೆ ಕೊಡುತ್ತಾರೆ ಎಂದರು. ನಮ್ಮವರದು ಮೂರನೆಯ ವಾದ. ಬಚ್ಚಿಡುವುದೂ ಬೇಡ, ಹೇಳಿಕೊಳ್ಳುವುದೂ ಬೇಡ, ಯಾಕೆಂದರೆ ನಾವು ತಪ್ಪೇ ಮಾಡಿಲ್ಲ. ಐದು ಸೀಟಿನ ಗಾಡಿಯಲ್ಲಿ ನಾಲ್ಕೇ ಜನ ಬಂದಿದ್ದೇವೆ. ಒಂದು ಸೀಟು ಉಳಿಸಿದ್ದೇವೆ!

ಅಷ್ಟರಲ್ಲಿ ನಾನು ಗಾಡಿಯ ಡ್ಯಾಶ್‌ಬೋರ್ಡ್ ಒಳಗಿದ್ದ ಕೈಪಿಡಿ ತೆಗೆದು ಓದಿದೆ. ಓದಬಾರದಿತ್ತು. ಭಾರ ಎಂದರೆ ಬರೀ ಸಾಮಾನಲ್ಲವಂತೆ. ಕೂತ ಜನ, ಮೇಲಿನ ರ‍್ಯಾಕು, ಅದರ ಮೇಲಿನ ಪೆಟ್ಟಿಗೆ ಎಲ್ಲ ಸೇರಿ ಲೆಕ್ಕವಂತೆ. ಐದು ಜನ ದಪ್ಪಗಿನವರು ಕೂತರೆ ಹಿಂದಿನ ಅಷ್ಟು ದೊಡ್ಡ ಜಾಗದಲ್ಲಿ ಇನ್ನು ಹೆಚ್ಚೇನೂ ಇಡುವಂತಿಲ್ಲ. ಹಾಗಾದರೆ ಅಷ್ಟು ದೊಡ್ಡ ಜಾಗ ಯಾಕೆ ಕೊಟ್ಟರು? ಗಾಳಿ ತುಂಬಿಕೊಂಡು ಹೋಗಲಿಕ್ಕೆಯೇ? ನಾನು ಅದೇ ಪುಟವನ್ನು ಮತ್ತೆ ಮತ್ತೆ ಓದಿದೆ. ಮಾತು ಅರ್ಥವಾಯಿತು. ಉದ್ದೇಶ ಅರ್ಥವಾಗಲಿಲ್ಲ.

ಅತ್ತೆ ಪಕ್ಕದಲ್ಲಿದ್ದರು. ಏನು ಬರೆದಿದೆ ಎಂದು ಕೇಳಿದರು. ಹೇಳಿದೆ.

“ನನ್ನನ್ನೂ ಲಗೇಜಿನ ಲೆಕ್ಕಕ್ಕೆ ಹಾಕಿದ್ದಾರಾ?” ಅಂದರು.

ಸಮಾಧಾನ ಹೇಳಲು ಹೋದೆ. ಎಲ್ಲರನ್ನೂ ಹಾಕುತ್ತಾರೆ ಎಂದೆ. ಅವರು ಆ ಸಂಜೆ ಊಟ ಕಡಿಮೆ ಮಾಡಿದರು.

ಇಷ್ಟೆಲ್ಲ ಗೊಂದಲದ ನಡುವೆ ಒಂದು ವಿಚಾರ ಮಾತ್ರ ಸ್ಪಷ್ಟವಿತ್ತು. ಕಂಪನಿ ಒಪ್ಪಿದರೆ ಗಾಡಿ ಸರಿಯಾಗಿ, ರಜೆ ಮುಗಿಯುವುದರೊಳಗೆ ಮನೆ ಸೇರುತ್ತೇವೆ. ಓವರ್‌ಲೋಡ್ ಎಂದರೆ ಖರ್ಚು ನಮ್ಮದು. ಮುಂದೆ ಗಾಡಿಗೆ ಏನೇ ಆದರೂ ಇವರು ಓವರ್‌ಲೋಡ್ ಗಿರಾಕಿ ಎಂದು ಅನುಮಾನದಿಂದ ನೋಡುತ್ತಾರೆ. ಅದಕ್ಕಿಂತ ನನಗೆ ಹೆಚ್ಚು ಚಿಂತೆಯಿದ್ದದ್ದು ನಮ್ಮವರದು. ಅವರ ಬಾಯಲ್ಲಿ ಸುಳ್ಳು ಬರುವುದಿಲ್ಲ. ಅಂಥವರನ್ನು ಒಬ್ಬ ಪರಕೀಯ ಸುಳ್ಳುಗಾರ ಎಂದುಕೊಂಡರೆ ಅವರು ಆ ಗಾಡಿಯನ್ನು ಮತ್ತೆ ಪ್ರೀತಿಯಿಂದ ಮುಟ್ಟುತ್ತಾರೆಯೇ?

ಹೀಗಾಗಿ ಸೋಮವಾರ ಮಧ್ಯಾಹ್ನ ಅವರು ‘ನಾರ್ಮಲ್ ಲೋಡ್’ ಎಂದಾಗ ನಾನು ಅವರ ಮುಖವನ್ನೇ ನೋಡಿದೆ. ಅವರ ಪ್ರಕಾರ ಅದು ನಿಜ. ಅಡಿಲೇಡಿನ ಯಾವ ಕನ್ನಡ ಮನೆಯನ್ನು ಕೇಳಿದರೂ ಅದು ನಾರ್ಮಲ್ಲೇ. ಕೆವಿನ್ ಪ್ರಕಾರ? ಅವನು ಗಾಡಿಯಡಿಯಿಂದ ಹೊರಬಂದು, ಬೆವರು ಒರೆಸಿಕೊಂಡು, ಬಲಗಡೆ ಸ್ಪ್ರಿಂಗ್ ಕೂಡ ಯಾಕೋ ಚಪ್ಪಟೆಯಾಗಿದೆ ಎಂದ. ಪಟ್ಟಿ ಪಟ್ಟಿ ಜೋಡಿಸಿದ ಸ್ಪ್ರಿಂಗ್ ಅದು, ನಮ್ಮೂರಿನ ಲಾರಿಗಳಿಗೆ ಇರುತ್ತದಲ್ಲ, ಅಂಥದ್ದು. ಕಮಾನಿನ ಹಾಗೆ ಬಾಗಿರಬೇಕಾದದ್ದು ಮಲಗಿಬಿಟ್ಟಿತ್ತು. ಕುಟುಂಬದವರು ಮತ್ತು ಲಗೇಜು ಮಾತ್ರವೇ ಎಂದು ಇನ್ನೊಮ್ಮೆ ಕೇಳಿದ. ಹೌದು ಎಂದರು ಇವರು. ಅವನು ತಲೆ ಆಡಿಸಿದ. ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ಅವನಿಗೂ ಏನೋ ತಾಳೆಯಾಗದ ಹಾಗಿತ್ತು.

ಅಲ್ಲಿಗೆ ಅವನು ಹೊರಟುಬಿಡಬಹುದಿತ್ತು. ಆದರೆ ನಮ್ಮ ಮನೆಗಳಿಗೆ ಊಟದ ಹೊತ್ತಿಗೆ ಬಂದವರು ಹಾಗೆ ಹೋಗುವುದುಂಟೇ? ಅತ್ತೆ ಬಾಗಿಲಲ್ಲಿ ನಿಂತು, ಬಿಸಿಲಲ್ಲಿ ಬಂದಿದ್ದಾನೆ, ಕರೆಯಿರಿ ಎಂದರು. ನಸ್ರೀನ್ ಒಳಗೆ ಕಾವಲಿ ಇಟ್ಟಾಗಿತ್ತು. ಭಾನುವಾರವೆಲ್ಲ ಅವಳು ಯಾವ ಸಲಹೆಗೂ ಕಿವಿಗೊಟ್ಟಿರಲಿಲ್ಲ. ಅಕ್ಕಿ ನೆನೆಹಾಕಿ, ಸಂಜೆ ಕೂತು, ತನ್ನ ಕಲ್ಲಿನಲ್ಲಿ ರುಬ್ಬಿದ್ದಳು. ಹೊರಗೆ ನಾವು ಏನು ಹೇಳಿದ್ದೇವೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹೇಳಬೇಕು ಎಂದು ನಮಗೂ ಹೊಳೆಯಲಿಲ್ಲ.

ಕೆವಿನ್ ದೋಸೆ ತಿಂದ. ಬೆಣ್ಣೆ ಹಾಕಿದ ದಾವಣಗೆರೆ ದೋಸೆ. ಇನ್ನೊಂದು ತಿಂದ. ಮೂರನೆಯದಕ್ಕೆ ಬೇಡ ಎನ್ನುತ್ತಲೇ ತಟ್ಟೆ ಚಾಚಿದ. ಇಷ್ಟು ಗರಿಗರಿ ಹೇಗೆ ಬರುತ್ತದೆ ಎಂದು ಕೇಳಿದ.

ನಾನು ಎದ್ದೆ. ತಡವಾಗಿತ್ತು. ನಸ್ರೀನ್ ಆಗಲೇ ಅವನನ್ನು ಹಿಂದಿನ ವರಾಂಡಕ್ಕೆ ಕರೆದುಕೊಂಡು ಹೋಗಿದ್ದಳು. ಹಿಂದೆಯೇ ನಾವೆಲ್ಲ ಓಡಿದೆವು. ಅವಳು ಗುಂಡು ತಿರುಗಿಸಿ ತೋರಿಸುತ್ತಿದ್ದಳು. ಕೆವಿನ್ ಕಲ್ಲನ್ನು ಎತ್ತಿ ನೋಡಲು ಬಗ್ಗಿದ. ಅದು ಅಲುಗಾಡಲಿಲ್ಲ. ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದ.

“ಮೈ ಫ್ರೆಂಡ್ ಬ್ರಾಟ್ ಇಟ್,” ಅಂದಳು ನಸ್ರೀನ್. “ಆಲ್ ದಿ ವೇ ಫ್ರಂ ಅಡಿಲೇಡ್. ಇನ್ ದಟ್ ಕಾರ್. ಹೂ ವಿಲ್ ಡೂ ಲೈಕ್ ದಟ್ ಫಾರ್ ಎನಿಬಡಿ?”

ಹೇಳುವಾಗ ಅವಳ ಕಣ್ಣು ತುಂಬಿತ್ತು. ನನ್ನ ಹೆಗಲ ಮೇಲೆ ಕೈ ಹಾಕಿಕೊಂಡಿದ್ದಳು. ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಯಾರೂ ಯಾವತ್ತೂ ಆಡಿಲ್ಲ. ಅದನ್ನು ಕೇಳಿ ನಾನು ನೆಲದೊಳಗೆ ಇಳಿದುಹೋದರೆ ಸಾಕು ಅನ್ನಿಸಿತು.

ಕೆವಿನ್ ನಮ್ಮವರ ಕಡೆ ತಿರುಗಿದ. ಬೈಯಲಿಲ್ಲ. ಮೊದಲು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದ, ಗಾಡಿಯಲ್ಲಿ ಏನೇನು ತುಂಬಿದ್ದಿರಿ ಎಂದು. ನಮ್ಮವರು ಈಗ ಒಂದೊಂದಾಗಿ ಹೇಳಿದರು. ಕಲ್ಲು. ಅಕ್ಕಿ. ಪಾತ್ರೆ. ಭರಣಿ. ಪುಸ್ತಕ ಎಂದಾಗ ಎಂಥ ಪುಸ್ತಕ ಎಂದು ಅವನು ಕೇಳಿದ. ಪೆಟ್ಟಿಗೆಗಳು ಇನ್ನೂ ಹಾಲ್‌ನಲ್ಲೇ ಇದ್ದವು, ಒಂದನ್ನು ಎತ್ತಿ ನೋಡಿ ಕೆಳಗಿಟ್ಟ. ಹಾಗಾದರೆ ನಾರ್ಮಲ್ ಎಂದದ್ದು ಯಾಕೆ?

“ಫಾರ್ ಅಸ್, ದಿಸ್ ಈಸ್ ನಾರ್ಮಲ್,” ಅಂದರು ನಮ್ಮವರು.

ಅವರ ದನಿ ಕೇಳಿ ನನಗೆ ಸಂಕಟವಾಯಿತು. ಅವರು ತಪ್ಪಿಸಿಕೊಳ್ಳಲು ಹಾಗೆ ಹೇಳಲಿಲ್ಲ. ಅವರಿಗೂ ನಿಜಕ್ಕೂ ಆ ಕ್ಷಣದಲ್ಲಿ ಗೊತ್ತಾಗುತ್ತಿರಲಿಲ್ಲ, ತಾವು ಸುಳ್ಳು ಹೇಳಿದರೋ ನಿಜ ಹೇಳಿದರೋ ಎಂದು. ಕೆವಿನ್ ತಲೆ ಕೆರೆದುಕೊಂಡ. ಯಾವ ಒಂದು ಸಾಮಾನೂ ಸ್ಪ್ರಿಂಗ್ ಮುರಿಯುವಷ್ಟಿಲ್ಲವಲ್ಲ ಎಂದ. ಎಲ್ಲ ಸೇರಿದರೆ ಎಷ್ಟೋ ಏನೋ, ತನಗೂ ಅಂದಾಜು ಸಿಗುತ್ತಿಲ್ಲ, ನೋಡಿದ್ದನ್ನೆಲ್ಲ ಕಂಪನಿಗೆ ಹೇಳಲೇಬೇಕಾಗುತ್ತದೆ ಎಂದ. ಅತ್ತೆ ಅವನಿಗೆ ಇನ್ನೊಂದು ದೋಸೆ ಹಾಕಿದರು. ಲಂಚ ಅಂದುಕೊಂಡಾನು ಎಂದು ಇಕ್ಬಾಲ್ ಕನ್ನಡದಲ್ಲಿ ಗೊಣಗಿದರು. ಅವನು ಅದನ್ನೂ ತಿಂದು ಹೋದ.

ಅವನು ಹೋದ ಮೇಲೆ ನಸ್ರೀನ್‌ಗೆ ವಿಷಯ ತಿಳಿಯಿತು. ಅಡುಗೆಮನೆಯಲ್ಲಿ ಸ್ಟವ್ ಆರಿಸಿ ನಿಂತಳು.

“ನನ್ನ ಕಲ್ಲಿಂದ ನಿಮ್ಮ ಗಾಡಿ ಹಾಳಾಯ್ತಲ್ಲ ವಿಮಲಾ. ಇದನ್ನ ಇಲ್ಲೇ ಎಲ್ಲಾದ್ರೂ ಬಿಸಾಕಿಬಿಡ್ತೀನಿ.”

ನನಗೆ ಸಿಟ್ಟು ಬಂತು. ಯಾರ ಮೇಲೆ? ಕೆವಿನ್ ಮೇಲೆ ಬರಲು ಕಾರಣವಿರಲಿಲ್ಲ. ಫಿಲೋಮಿನಾ ಆಂಟಿಯ ಮೇಲೆಯೇ? ಅವರು ಪಾಪ ನಾಲ್ಕು ಪುಸ್ತಕ ಕೊಟ್ಟರು. ಭರಣಿಯವರು ಒಂದು ಭರಣಿ ಕೊಟ್ಟರು. ಒಬ್ಬೊಬ್ಬರನ್ನೂ ಕರೆದು ನಿಲ್ಲಿಸಿ ಕೇಳಿದರೆ ನಾನು ಕೊಟ್ಟದ್ದು ಸ್ವಲ್ಪವೇ ಎನ್ನುತ್ತಾರೆ, ಮತ್ತು ಅದು ಸತ್ಯ. ನನ್ನ ಕ್ಲಿನಿಕ್ಕಿಗೆ ಬರುವ ದಪ್ಪ ಮಗುವಿನ ಮನೆಯಲ್ಲೂ ಹೀಗೇ. ಅಜ್ಜಿ ಒಂದು ಬಿಸ್ಕತ್ತು ಕೊಡುತ್ತಾಳೆ, ಅಪ್ಪ ಒಂದು, ಅಕ್ಕ ಒಂದು. ಮಗುವನ್ನು ತೂಗಿದಾಗ ಎಲ್ಲರಿಗೂ ಆಶ್ಚರ್ಯ. ಅಂಥವರಿಗೆ ನಾನು ಎಷ್ಟು ಗಟ್ಟಿಯಾಗಿ ಬುದ್ಧಿ ಹೇಳುತ್ತೇನೆ ಗೊತ್ತೇ? ಕಲ್ಲು ಎಲ್ಲಿಗೂ ಹೋಗಕೂಡದು, ನಾಳೆಗೆ ಇಡ್ಲಿ ಮಾಡು ಎಂದು ನಸ್ರೀನ್‌ಗೆ ಗದರಿದೆ. ಅಷ್ಟು ಮಾತ್ರ ಆ ಕ್ಷಣಕ್ಕೆ ಹೊಳೆದದ್ದು.

ವಾರದ ಕೊನೆಗೆ ಕಂಪನಿಯ ತೀರ್ಪು ಫೋನಿನಲ್ಲಿ ಬಂತು. ಕೇಳಿ, ನಿಮಗೆ ಅರ್ಥವಾದರೆ ನನಗೂ ಹೇಳಿ.

ಎಡಗಡೆ ಮುರಿದ ಸ್ಪ್ರಿಂಗ್‌ನಲ್ಲಿ ಹಳೆಯ ಬಿರುಕು ಕಂಡಿತಂತೆ. ಬಿರುಕಿನ ಒಳಗೆ ತುಕ್ಕು ಇತ್ತಂತೆ. ಅಂದರೆ ಅದು ತಯಾರಿಸುವಾಗಲೇ ಬಂದ ದೋಷ. ಆದ್ದರಿಂದ ಎಡಗಡೆಯದಕ್ಕೆ ವಾರಂಟಿ ಉಂಟು. ಬಲಗಡೆಯದು ಮುರಿದಿಲ್ಲ, ಭಾರಕ್ಕೆ ಚಪ್ಪಟೆಯಾಗಿದೆ. ಅದು ಓವರ್‌ಲೋಡ್. ವಾರಂಟಿ ಇಲ್ಲ.

ಅಂದರೆ ನಾವು ತಪ್ಪಿತಸ್ಥರೋ ಅಲ್ಲವೋ? ಒಂದೇ ಗಾಡಿ, ಒಂದೇ ದಾರಿ, ಒಂದೇ ಕುಟುಂಬ. ಎಡಗಡೆ ನಿರಪರಾಧಿಗಳು, ಬಲಗಡೆ ಅಪರಾಧಿಗಳು. ಮುರಿದದ್ದಕ್ಕೆ ನಾವು ಕಾರಣರಲ್ಲ, ಮುರಿಯದೆ ಇದ್ದದ್ದಕ್ಕೆ ನಾವೇ ಕಾರಣ!

ಮನೆಯಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಅರ್ಥ ಮಾಡಿಕೊಂಡರು. ತಮ್ಮ ಮಾತು ನಿಜವಾಯಿತು, ನಾರ್ಮಲ್ ಲೋಡೇ ಆಗಿತ್ತು ಎಂದರು ನಮ್ಮವರು. ಅವರ ಮುಖಕ್ಕೆ ಮತ್ತೆ ಕಳೆ ಬಂತು, ಬಟ್ಟೆ ತೆಗೆದುಕೊಂಡು ಗಾಡಿ ಒರೆಸಲು ಹೊರಟರು. ಅವರ ಸಂತೋಷ ನೋಡಿ ನಾನು ಬಲಗಡೆಯ ಮಾತು ಎತ್ತಲಿಲ್ಲ. ನೇರವಾಗಿ ಹೇಳಿದ್ದರಿಂದಲೇ ಅರ್ಧವಾದರೂ ಸಿಕ್ಕಿತು ಎಂದರು ಇಕ್ಬಾಲ್. (ನಾವು ಎಲ್ಲಿ ನೇರವಾಗಿ ಹೇಳಿದ್ದೆವು?) ಬಾಯಿ ಮುಚ್ಚಿಕೊಂಡಿದ್ದರೆ ಪೂರ್ತಿ ಸಿಗುತ್ತಿತ್ತು ಎಂದು ಬ್ರಿಸ್ಬೇನ್‌ನಿಂದ ಸುರೇಶ. ಅತ್ತೆ ಮಾತ್ರ ಒಂದೇ ಪ್ರಶ್ನೆ ಕೇಳಿದರು. ತಾವು ಕೂತಿದ್ದು ಎಡಗಡೆ ತಾನೇ? ಹೌದು ಎಂದೆ. ಅವರು ಅವತ್ತು ರಾತ್ರಿ ಹೊಟ್ಟೆ ತುಂಬ ಊಟ ಮಾಡಿದರು.

ಮುಂದಿನ ವಾರ ಸ್ಪ್ರಿಂಗ್‌ಗಳು ಬಂದವು. ಗಾಡಿ ನೆಟ್ಟಗೆ ನಿಂತಿತು. ಶನಿವಾರ ಬೆಳಿಗ್ಗೆ ಹೊರಡುವುದು. ಈ ಸಲ ಬಟ್ಟೆ ಬಿಟ್ಟರೆ ಬೇರೇನೂ ಬೇಡ ಎಂದು ನಮ್ಮವರು ಹಿಂದಿನ ರಾತ್ರಿಯೇ ಕಟ್ಟಾಜ್ಞೆ ಹೊರಡಿಸಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ವರಾಂಡದಲ್ಲಿ ವಿಲ್ಫ್ರೆಡ್ ನಿಂತಿದ್ದ, ಕಾಲ ಬಳಿ ಪುಸ್ತಕದ ಪೆಟ್ಟಿಗೆಗಳು. ಅವನಿಗೆ ಬೇಕಾದ ಎಡಿಷನ್ ಬೇರೆಯಂತೆ. ಆಂಟಿಗೆ ವಾಪಸ್ ಕೊಟ್ಟುಬಿಡಿ ಎಂದ. ಅಡಿಲೇಡಿನವರು ಅಷ್ಟೆಲ್ಲ ಕಳಿಸಿರುವಾಗ ಬರಿಗೈಯಲ್ಲಿ ಹೇಗೆ ಕಳಿಸಲಿ ಎಂದು ನಸ್ರೀನ್ ಮನೆಮನೆಗೆ ಒಂದೊಂದು ಡಬ್ಬ ಕಟ್ಟಿದ್ದಳು. ಸ್ವಲ್ಪವೇ. ಬೇಡ ಎನ್ನಲು ನಮ್ಮವರು ಬಾಯಿ ತೆರೆದರು. ಅವಳ ಮುಖ ನೋಡಿ ಮುಚ್ಚಿದರು.

ಅಷ್ಟರಲ್ಲಿ ಕೆವಿನ್ ಬಂದ. ಹೊಸ ಸ್ಪ್ರಿಂಗ್ ಹೇಗೆ ಕೂತಿದೆ ಎಂದು ನೋಡಿ ಹೋಗಲು ಬಂದೆ ಎಂದ. ಎಷ್ಟು ಒಳ್ಳೆಯವನು ಎಂದು ನಾವು ಕೊಂಡಾಡಿದೆವು. ಬಗ್ಗಿ ನೋಡಿದ, ತಟ್ಟಿ ನೋಡಿದ, ತಲೆ ಆಡಿಸಿದ. ಆಮೇಲೆ ಸ್ವಲ್ಪ ಸಂಕೋಚದಿಂದ ತನ್ನ ಗಾಡಿಯ ಹತ್ತಿರ ಹೋದ. ಎರಡೂ ಕೈಯಲ್ಲಿ ತಬ್ಬಿಕೊಂಡು ಒಂದು ಪೆಟ್ಟಿಗೆ ತಂದ. ನಡಿಗೆ ನೋಡಿದರೆ ಹಗುರವೇನೂ ಇರಲಿಲ್ಲ. ಅವನ ಅಮ್ಮ ಅಡಿಲೇಡಿನಲ್ಲಿದ್ದಾರಂತೆ, ನಮ್ಮ ಪ್ರಾಸ್ಪೆಕ್ಟ್‌ಗೆ ಹತ್ತಿರವೇ. ಅವರ ಹಳೆಯ ಹೊಲಿಗೆ ಮೆಷಿನ್ ಇವನ ಮನೆಯಲ್ಲಿ ಉಳಿದುಬಿಟ್ಟಿದೆಯಂತೆ. ಕಬ್ಬಿಣದ್ದು. ಅದನ್ನು ಬಿಟ್ಟು ಬೇರೆಯದರಲ್ಲಿ ಹೊಲಿಗೆ ಕೂರುವುದೇ ಇಲ್ಲ ಎಂದು ಪ್ರತಿ ಫೋನಿನಲ್ಲೂ ಗೋಳಾಡುತ್ತಾರಂತೆ.

“ಸಿನ್ಸ್ ಯು ಆರ್ ಗೋಯಿಂಗ್ ಎನಿವೇ,” ಅಂದ ಕೆವಿನ್.

ನಮ್ಮವರು ನನ್ನ ಮುಖ ನೋಡಿದರು. ನಾನು ಕೆವಿನ್ ಮುಖ ನೋಡಿದೆ. ಅವನು ಆಗಲೇ ಪುಸ್ತಕದ ಪೆಟ್ಟಿಗೆ ಸರಿಸಿ, ಡಬ್ಬಗಳನ್ನು ಒತ್ತರಿಸಿ, ಜಾಗ ಮಾಡಿಕೊಳ್ಳುತ್ತಿದ್ದ. ಹಿಂಬಾಗಿಲು ಮುಚ್ಚಲಿಲ್ಲ. ಮೊಣಕಾಲು ಕೊಟ್ಟು ಒತ್ತಿದ. ಮುಚ್ಚಿತು.

ಈ ಸಲ ಸ್ಪ್ರಿಂಗ್ ಮುರಿದರೆ, ಅದು ನಾರ್ಮಲ್ ಲೋಡ್ ಎಂದು ಸಾಕ್ಷಿ ಹೇಳಲು ಕೆವಿನ್‌ನನ್ನೇ ಕರೆಯಬಹುದೇ?